ಅಪ್ಪನ ಅಂಗಡಿಯ ಹಳೇ ಗ್ಯಾಸ್ ಸಿಲಿಂಡರ್: ಗಾಳಿಗೆ ಬಿಡುವುದೋ, ಸುಡಿಸುವುದೋ?

ಪ್ರಶ್ನೆ: ನಮ್ಮ ತಂದೆ ದಾವಣಗೆರೆಯಲ್ಲಿ 35 ವರ್ಷ ಫ್ರಿಜ್ ರಿಪೇರಿ ಅಂಗಡಿ ನಡೆಸಿದರು. ಹೋದ ವರ್ಷ ತೀರಿಕೊಂಡರು. ಅಂಗಡಿ ಖಾಲಿ ಮಾಡುವಾಗ ಹಿಂದಿನ ಕೋಣೆಯಲ್ಲಿ ನಾಲ್ಕು ಗ್ಯಾಸ್ ಸಿಲಿಂಡರ್ ಸಿಕ್ಕವು. ಎರಡು ಬಿಳಿ, ಒಂದು ತಿಳಿ ಹಸಿರು, ಇನ್ನೊಂದರ ಬಣ್ಣ ಪೂರ್ತಿ ಹೋಗಿದೆ. ಬಿಳಿಯವುಗಳ ಮೇಲೆ ಆರ್-12 ಅಂತ ಬರೆದಿದೆ. ಅಲ್ಲಾಡಿಸಿದರೆ ಒಳಗೆ ದ್ರವ ಇರುವುದು ಗೊತ್ತಾಗುತ್ತದೆ. ಗುಜರಿಯವರು 'ವಾಲ್ವ್ ಬಿಚ್ಚಿ ಗ್ಯಾಸ್ ಬಿಟ್ಟು ತನ್ನಿ, ಕಬ್ಬಿಣದ ರೇಟು ಕೊಡ್ತೀವಿ' ಅಂದರು. ನನ್ನ ಮಗ ಬೇಡವೇ ಬೇಡ ಅನ್ನುತ್ತಾನೆ. ಅಮೆರಿಕದಲ್ಲಿ ಇಂಥ ಗ್ಯಾಸ್ ಸುಟ್ಟು ನಾಶ ಮಾಡಿದವರಿಗೆ ಕಾರ್ಬನ್ ಕ್ರೆಡಿಟ್ ಹಣ ಸಿಗುತ್ತದಂತೆ. ನಿಜವೇ? ಸುಟ್ಟರೂ ಹೊಗೆ ಬರುತ್ತದಲ್ಲವೇ? ಇಷ್ಟು ಚಿಕ್ಕ ಸಿಲಿಂಡರಿನಿಂದ ಏನು ಮಹಾ ಆಗುತ್ತದೆ? ಮನೆಯಲ್ಲಿ 1980ರ ದಶಕದ ಫ್ರಿಜ್ ಕೂಡ ಒಂದಿದೆ. ಅದನ್ನೇನು ಮಾಡಲಿ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ವಾಲ್ವ್ ಮುಟ್ಟಬೇಡಿ. ನಿಮ್ಮ ಮಗ ಹೇಳುತ್ತಿರುವುದೇ ಸರಿ.

ಗುಜರಿಯವರನ್ನು ನಾನು ದೂರುವುದಿಲ್ಲ. ಅವರಿಗೆ ಬೇಕಾದದ್ದು ಕಬ್ಬಿಣ, ತಾಮ್ರ, ಹಿತ್ತಾಳೆ. ಒಳಗಿನ ಗ್ಯಾಸಿಗೆ ಅವರ ತಕ್ಕಡಿಯಲ್ಲಿ ಬೆಲೆಯಿಲ್ಲ. ನಾವು ಮೆಕ್ಯಾನಿಕ್‌ಗಳೂ ವರ್ಷಗಟ್ಟಲೆ ಹಾಗೇ ಮಾಡಿಕೊಂಡು ಬಂದೆವು. ನಾನು ಕೆಲಸ ಕಲಿಯುವಾಗ ಫ್ರಿಜ್ ರಿಪೇರಿಗೆ ಕೂತರೆ ಮೊದಲ ಕೆಲಸವೇ ಗ್ಯಾಸ್ ಬಿಡುವುದು. ಕಂಪ್ರೆಸರ್ ಪಕ್ಕದ ಸಣ್ಣ ತಾಮ್ರದ ಪೈಪಿನ ತುದಿ ಕತ್ತರಿಸಿದರೆ 'ಬುಸ್' ಅಂತ ಸದ್ದು. ತುದಿಯ ಸುತ್ತ ಬಿಳಿ ಮಂಜು ಕಟ್ಟುತ್ತಿತ್ತು. ಎರಡು ಹನಿ ಎಣ್ಣೆ ಸಿಡಿದು ಕೈಗೆ ಅಂಟುತ್ತಿತ್ತು. ಸ್ವಲ್ಪ ಹೊತ್ತಿಗೆ ಸದ್ದು ನಿಲ್ಲುತ್ತಿತ್ತು, ನಾವು ಕೆಲಸ ಶುರು ಮಾಡುತ್ತಿದ್ದೆವು. ಹೊಗೆ ಇಲ್ಲ, ಘಾಟು ಇಲ್ಲ, ಯಾರಿಗೂ ಒಂದು ಕೆಮ್ಮೂ ಬರುತ್ತಿರಲಿಲ್ಲ. ಹಾಗಾಗಿ ತಪ್ಪು ಮಾಡುತ್ತಿದ್ದೇವೆ ಅನ್ನಿಸುವುದಕ್ಕೆ ಕಾರಣವೇ ಇರಲಿಲ್ಲ. ಲೆಕ್ಕ ಗೊತ್ತಾದ ಮೇಲೆ ಆ ಸದ್ದು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಆ ಲೆಕ್ಕವನ್ನೇ ಮೊದಲು ನೋಡೋಣ. ಆರ್-12 ಅಂದರೆ ಹಳೇ ಫ್ರಿಜ್‌ಗಳನ್ನು ತಂಪು ಮಾಡುತ್ತಿದ್ದ ಗ್ಯಾಸ್. ಅದು ಒಂದು ಕಿಲೋ ಗಾಳಿಗೆ ಸೇರಿತು ಅಂತಿಟ್ಟುಕೊಳ್ಳಿ. ನೂರು ವರ್ಷದ ಲೆಕ್ಕ ಹಿಡಿದರೆ, ಸುಮಾರು 10,200 ಕಿಲೋ ಇಂಗಾಲದ ಡೈಆಕ್ಸೈಡ್ ಎಷ್ಟು ಶಾಖ ಹಿಡಿದಿಡುತ್ತದೋ ಅಷ್ಟನ್ನು ಈ ಒಂದು ಕಿಲೋ ಹಿಡಿದಿಡುತ್ತದೆ. ರಿಪೇರಿ ಅಂಗಡಿಗಳಲ್ಲಿ ಕಾಣುವ ಮಾಮೂಲಿ ಚಿಕ್ಕ ಸಿಲಿಂಡರಿನಲ್ಲಿ 13.6 ಕಿಲೋ ಗ್ಯಾಸ್ ಹಿಡಿಯುತ್ತದೆ. ನಿಮ್ಮ ಬಿಳಿ ಸಿಲಿಂಡರ್ ಆ ಅಳತೆಯದ್ದಾಗಿ, ತುಂಬಿದ್ದರೆ, ಅದೊಂದೇ ಸುಮಾರು 139 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ಒಂದು ಲೀಟರ್ ಪೆಟ್ರೋಲ್ ಉರಿದರೆ ಬರುವುದು ಸುಮಾರು 2.3 ಕಿಲೋ. ಅಂದರೆ 60 ಸಾವಿರ ಲೀಟರ್ ಪೆಟ್ರೋಲ್ ಉರಿಸಿದ ಹಾಗೆ. ಬಂಕಿಗೆ ಬರುವ 12 ಸಾವಿರ ಲೀಟರಿನ ಟ್ಯಾಂಕರ್ ನೋಡಿರುತ್ತೀರಿ. ಅಂಥ ಐದು ಟ್ಯಾಂಕರ್ ಸಾಲಾಗಿ ನಿಲ್ಲಿಸಿ, ಪಕ್ಕದಲ್ಲಿ ನಿಮ್ಮ ಮೊಣಕಾಲೆತ್ತರದ ಬಿಳಿ ಸಿಲಿಂಡರ್ ಇಡಿ. ಎರಡೂ ಒಂದೇ.

ಹಳೇ ಮನೆ ಫ್ರಿಜ್ ಒಂದರ ಪೈಪಿನೊಳಗೆ ಇರುವುದು ಸುಮಾರು 150 ಗ್ರಾಂ ಮಾತ್ರ. ಅದೂ ಒಂದೂವರೆ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ಲೀಟರಿಗೆ 50 ಕಿಲೋಮೀಟರ್ ಓಡುವ ಸ್ಕೂಟರಿನಲ್ಲಿ ಬೆಂಗಳೂರಿನಿಂದ ಬೆಳಗಾವಿಗೆ 33 ಸಲ ಹೋಗಿ ಬಂದರೆ ಎಷ್ಟಾಗುತ್ತದೋ ಅಷ್ಟು. ನಾವು ಒಂದು 'ಬುಸ್' ಅಂದಾಗ ಹೋಗುತ್ತಿದ್ದದ್ದು ಅಷ್ಟು.

ಇಲ್ಲಿ ಒಂದು ಸೂಕ್ಷ್ಮ ಹೇಳಿಬಿಡಬೇಕು. ಬಿಸಿಲಿನ ನೇರಳಾತೀತ ಕಿರಣವನ್ನು ಮೇಲೆಯೇ ತಡೆಯುವ ಓಝೋನ್ ಕೂಡ ಸ್ವಲ್ಪ ಶಾಖ ಹಿಡಿಯುವ ಅನಿಲವೇ. ಆರ್-12 ಓಝೋನ್ ತಿಂದಾಗ ಆ ಕಡೆಯಿಂದ ಒಂದಿಷ್ಟು ತಂಪೂ ಆಗುತ್ತದೆ. ಅದನ್ನು ಕಳೆದರೆ ಮೇಲಿನ ಅಂಕಿ ಸ್ವಲ್ಪ ಇಳಿಯುತ್ತದೆ. ಇಳಿದರೂ ಸಾವಿರಗಳಲ್ಲೇ ಉಳಿಯುತ್ತದೆ. ಓಝೋನ್ ಹೋಗಿ ಸಿಗುವ ತಂಪು ಯಾರಿಗೂ ಬೇಡವಾದ ತಂಪು, ಅದು ಬೇರೆ ಮಾತು.

ಇಂಥ ಗ್ಯಾಸನ್ನು ಯಾಕಾದರೂ ಮಾಡಿದರು ಅನ್ನಿಸಬಹುದು. ಅದಕ್ಕೆ ಮುಂಚೆ ಫ್ರಿಜ್‌ಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮಿಥೈಲ್ ಕ್ಲೋರೈಡ್ ಹಾಕುತ್ತಿದ್ದರು. ಸೋರಿದರೆ ಮನೆಯವರ ಜೀವಕ್ಕೇ ಅಪಾಯ. 1928ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಜೊತೆಯವರು ಸಿಎಫ್‌ಸಿ ಅನ್ನುವ ಈ ಗ್ಯಾಸಿನ ಜಾತಿಯನ್ನು ಕಂಡುಹಿಡಿದರು, ಆರ್-12 ಅದರಲ್ಲಿ ಒಂದು. ಮಿಜ್ಲಿ ಸಭೆಯಲ್ಲಿ ಈ ಗ್ಯಾಸನ್ನು ತಾವೇ ಉಸಿರಿಗೆಳೆದುಕೊಂಡು, ಊದಿ ಮೇಣದಬತ್ತಿ ಆರಿಸಿ ತೋರಿಸಿದರು. ವಿಷವಲ್ಲ, ಉರಿಯುವುದಿಲ್ಲ ಅಂತ ಒಂದೇ ಉಸಿರಿನಲ್ಲಿ ಸಾಬೀತು. ಆ ಕಾಲಕ್ಕೆ ಅದು ನಿಜವಾಗಿಯೂ ಉಪಕಾರವೇ. ಆದರೆ ಯಾವುದರ ಜೊತೆಗೂ ಬೆರೆಯದ ಗಟ್ಟಿತನವೇ ಆಮೇಲೆ ಕಷ್ಟಕ್ಕೆ ಬಂತು. ಕೆಳಗೆ ಯಾವುದೂ ಅದನ್ನು ಒಡೆಯುವುದಿಲ್ಲ. ಆರ್-12 ನೂರು ವರ್ಷದಷ್ಟು ಕಾಲ ಗಾಳಿಯಲ್ಲಿ ಉಳಿಯುತ್ತದೆ. ನಿಧಾನವಾಗಿ ಮೇಲೇರುತ್ತದೆ. ಅಲ್ಲಿ ಬಿಸಿಲಿನ ನೇರಳಾತೀತ ಕಿರಣ ತಾಗಿದಾಗ ಒಡೆದು ಕ್ಲೋರಿನ್ ಬಿಡುತ್ತದೆ. ಒಂದೊಂದು ಕ್ಲೋರಿನ್ ಪರಮಾಣು ಲಕ್ಷದಷ್ಟು ಓಝೋನ್ ಅಣುಗಳನ್ನು ನಾಶ ಮಾಡಬಲ್ಲದು. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಅನ್ನುವ ವಿಜ್ಞಾನಿಗಳು ಇದನ್ನು ಬರೆದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಝೋನ್ ರಂಧ್ರ ಆಗಿರುವುದು ಲೋಕಕ್ಕೆ ಗೊತ್ತಾಯಿತು.

ಇದು ಶಾಖವನ್ನೂ ಹಿಡಿಯುತ್ತದೆ ಅಂತ ಮೊದಲು ತೋರಿಸಿದವರು ನಮ್ಮ ಕಡೆಯ ನಂಟಿರುವವರು. ವೀರಭದ್ರನ್ ರಾಮನಾಥನ್. ಹುಟ್ಟಿದ್ದು ತಮಿಳುನಾಡಿನಲ್ಲಿ, ಶಾಲೆಗೆ ಹೋಗುವ ವಯಸ್ಸಿನಲ್ಲೇ ಬೆಂಗಳೂರಿಗೆ ಬಂದರು. ಎಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ಒಂದು ರೆಫ್ರಿಜರೇಟರ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಅವರ ಪಾಲಿಗೆ ಬಂದ ಕೆಲಸ ಏನು ಗೊತ್ತೇ? ಯಂತ್ರಗಳಿಂದ ಈ ಗ್ಯಾಸ್ ಯಾಕೆ ಇಷ್ಟು ಬೇಗ ಸೋರಿಹೋಗುತ್ತದೆ ಅಂತ ಪತ್ತೆ ಹಚ್ಚುವುದು. ನಮ್ಮ ನಿಮ್ಮ ತಂದೆಯಂಥವರ ಕೆಲಸವೇ ಅದು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದರು. 1975ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ ಸಿಎಫ್‌ಸಿಯ ಒಂದು ಅಣು ಇಂಗಾಲದ ಡೈಆಕ್ಸೈಡ್‌ನ ಹತ್ತು ಸಾವಿರ ಅಣುಗಳಿಗಿಂತ ಜಾಸ್ತಿ ಬಿಸಿ ಮಾಡುತ್ತದೆ ಅಂತ ಬಂತು. ಅಲ್ಲಿಯವರೆಗೆ ಸೋರುವ ಗ್ಯಾಸ್ ಅಂದರೆ ಸೋರುವ ದುಡ್ಡು, ಅಷ್ಟೇ ಆಗಿತ್ತು.

ಮುಂದಿನ ಕತೆ ನಿಮಗೆ ಗೊತ್ತಿರಬಹುದು. 1987ರ ಸೆಪ್ಟೆಂಬರ್ 16ರಂದು, ಓಝೋನ್ ತಿನ್ನುವ ಗ್ಯಾಸುಗಳನ್ನು ನಿಲ್ಲಿಸುವ ಮಾಂಟ್ರಿಯಲ್ ಒಪ್ಪಂದ ಆಯಿತು. ಭಾರತ 1992ರಲ್ಲಿ ಸೇರಿತು. ನಮ್ಮಲ್ಲಿ ಸಿಎಫ್‌ಸಿ ತಯಾರಿಕೆ 2008ರ ಆಗಸ್ಟ್ 1ಕ್ಕೆ ನಿಂತಿತು. ಆಸ್ತಮಾದವರ ಇನ್‌ಹೇಲರಿಗೆ ಬೇಕಾದಷ್ಟು ಮಾತ್ರ ಇನ್ನೂ ಸ್ವಲ್ಪ ದಿನ ಉಳಿಯಿತು. ಓಝೋನ್ ನಿಧಾನವಾಗಿ ಸುಧಾರಿಸುತ್ತಿದೆ. ಮನುಷ್ಯರೆಲ್ಲ ಸೇರಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದು ದೊಡ್ಡದು ಅಂತ ನಾನು ನಂಬಿದ್ದೇನೆ.

ಆದರೆ ಆ ಒಪ್ಪಂದದಲ್ಲಿ ಒಂದು ಜಾಗ ಖಾಲಿ ಬಿಟ್ಟಿದೆ. ನಿಮ್ಮ ಸಿಲಿಂಡರ್‌ಗಳು ಕೂತಿರುವುದು ಸರಿಯಾಗಿ ಆ ಜಾಗದಲ್ಲೇ.

ಮಾಂಟ್ರಿಯಲ್ ಒಪ್ಪಂದ ಹೊಸದಾಗಿ ತಯಾರಿಸುವುದನ್ನು, ಆಮದು ರಫ್ತನ್ನು ತಡೆಯಿತು. ಅಷ್ಟರಲ್ಲೇ ತಯಾರಾಗಿ ಫ್ರಿಜ್, ಎಸಿ, ಕೋಲ್ಡ್ ಸ್ಟೋರೇಜ್, ಸಿಲಿಂಡರ್‌ಗಳಲ್ಲಿ ಕೂತಿದ್ದ ಗ್ಯಾಸನ್ನು ನಾಶ ಮಾಡಲೇಬೇಕು ಅಂತ ಹೇಳಲಿಲ್ಲ. ಹವಾಮಾನದ ಕ್ಯೋಟೋ ಒಪ್ಪಂದವಾದರೂ ನೋಡಿಕೊಂಡಿತೇ ಅಂದರೆ, 'ಇವು ಮಾಂಟ್ರಿಯಲ್ ಕಡೆಯವು' ಅಂತ ಪಟ್ಟಿಯಿಂದಲೇ ಬಿಟ್ಟಿತು. ಹೀಗೆ ಎರಡರ ಮಧ್ಯೆ ಬಿದ್ದುಹೋಯಿತು. ನಮ್ಮ ವೃತ್ತಿಯಲ್ಲಿ ಈ ಕೂಡಿಟ್ಟ ಗ್ಯಾಸಿಗೆ 'ಬ್ಯಾಂಕ್' ಅನ್ನುತ್ತಾರೆ. 2005ರಲ್ಲಿ ಬಂದ, ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ವಿಶೇಷ ವರದಿ ಲೆಕ್ಕ ಹಾಕಿತ್ತು. 2002ರಲ್ಲಿ ಲೋಕದ ಯಂತ್ರಗಳಲ್ಲಿ, ಫೋಮ್‌ಗಳಲ್ಲಿ ಕೂತಿದ್ದ ಈ ಜಾತಿಯ ಗ್ಯಾಸ್ ಒಟ್ಟು ಸುಮಾರು 2,100 ಕೋಟಿ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ಅದರಲ್ಲಿ ಮುಕ್ಕಾಲು ಪಾಲು ಸಿಎಫ್‌ಸಿಯೇ. ಈ ಬ್ಯಾಂಕಿನಲ್ಲಿ ಬಡ್ಡಿ ಬೆಳೆಯುವುದಿಲ್ಲ. ಪೈಪಿನ ಬೆಸುಗೆ ಬಿಟ್ಟಲ್ಲಿ, ವಾಲ್ವಿನ ವಾಷರ್ ಒಣಗಿದಲ್ಲಿ, ಗುಜರಿಯ ಕೊಡಲಿ ಬಿದ್ದಲ್ಲಿ ಅಸಲೇ ಕರಗುತ್ತದೆ. ವರ್ಷ ಕಳೆದಷ್ಟೂ ಉಳಿಸಿಕೊಳ್ಳುವುದಕ್ಕೆ ಸಿಗುವುದು ಕಮ್ಮಿ. ಈ ಕೆಲಸಕ್ಕೆ ಅವಸರ ಇರುವುದು ಅದಕ್ಕೇ.

ಈಗ ನಿಮ್ಮ ಹೊಗೆಯ ಪ್ರಶ್ನೆ. ಒಳ್ಳೆಯ ಪ್ರಶ್ನೆ, ತುಂಬಾ ಜನ ಕೇಳುತ್ತಾರೆ. ಆರ್-12ರ ಅಣುವಿನಲ್ಲಿ ಒಂದು ಇಂಗಾಲ, ಎರಡು ಕ್ಲೋರಿನ್, ಎರಡು ಫ್ಲೋರಿನ್ ಇವೆ. ಅತಿ ಹೆಚ್ಚಿನ ಶಾಖದಲ್ಲಿ ನೀರಾವಿಯ ಜೊತೆ ಒಡೆದರೆ ಒಂದು ಇಂಗಾಲದ ಡೈಆಕ್ಸೈಡ್, ಜೊತೆಗೆ ಹೈಡ್ರೋಕ್ಲೋರಿಕ್ ಮತ್ತು ಹೈಡ್ರೋಫ್ಲೋರಿಕ್ ಆಮ್ಲ ಬರುತ್ತವೆ. ಒಂದು ಕಿಲೋ ಆರ್-12ರಿಂದ ಬರುವ ಇಂಗಾಲದ ಡೈಆಕ್ಸೈಡ್ ಸುಮಾರು 360 ಗ್ರಾಂ. ಲಾರಿಯ ಡೀಸೆಲ್, ಕುಲುಮೆಯ ಕರೆಂಟು ಎಲ್ಲ ಸೇರಿಸಿ ಕೆಲವು ಕಿಲೋ ಅಂತಲೇ ಇಟ್ಟುಕೊಳ್ಳಿ. ಎದುರಿಗಿರುವುದು 10,200 ಕಿಲೋ. ಹಾಗಾಗಿ ಸುಡುವುದರಿಂದ ಲಾಭವೋ ನಷ್ಟವೋ ಅನ್ನುವ ಅನುಮಾನ ಬೇಡ.

ಹಾಗಂತ ಹಿತ್ತಲಲ್ಲಿ ಬೆಂಕಿ ಹಾಕಿ ಅದರ ಮೇಲೆ ಬಿಡಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ನಿಮ್ಮ ತಂದೆಯವರ ಸಾಮಾನಿನಲ್ಲಿ ಹಳೇ ಹ್ಯಾಲೈಡ್ ಟಾರ್ಚ್ ಇದ್ದರೂ ಇರಬಹುದು, ನೋಡಿ. ಸಣ್ಣ ಬರ್ನರ್, ಬೆಂಕಿಯ ಬಾಯಲ್ಲಿ ತಾಮ್ರದ ಬಿಲ್ಲೆ, ಪಕ್ಕದಿಂದ ಒಂದು ರಬ್ಬರ್ ಟ್ಯೂಬ್. ಟ್ಯೂಬಿನ ತುದಿಯನ್ನು ಪೈಪಿನ ಜಾಯಿಂಟುಗಳ ಹತ್ತಿರ ಹಿಡಿದುಕೊಂಡು ಹೋಗುತ್ತಿದ್ದೆವು. ಗ್ಯಾಸ್ ಲೀಕ್ ಇದ್ದಲ್ಲಿ ನೀಲಿ ಜ್ವಾಲೆ ತಟ್ಟನೆ ಹಸಿರಾಗುತ್ತಿತ್ತು. ಬೆಂಕಿಯಲ್ಲಿ ಅಣು ಒಡೆದು, ಕ್ಲೋರಿನ್ ತಾಮ್ರಕ್ಕೆ ಹತ್ತಿ ಬರುವ ಬಣ್ಣ ಅದು. ನೋಡಲು ಚೆಂದ. ಆದರೆ ಅದೇ ಗಳಿಗೆಯಲ್ಲಿ ಮೂಗಿಗೆ ಚುರುಕ್ ಅನ್ನುವ ಘಾಟು ಬರುತ್ತಿತ್ತು, ಕಣ್ಣಲ್ಲಿ ನೀರು. ಅದು ಆಮ್ಲದ ಹೊಗೆ. ಫಾಸ್ಜೀನ್ ಅನ್ನುವ ವಿಷಾನಿಲವೂ ಸ್ವಲ್ಪ ಹುಟ್ಟಬಹುದು. ಸಾದಾ ಬೆಂಕಿಗೆ ಈ ಅಣುವನ್ನು ಪೂರ್ತಿ ಒಡೆಯುವ ಶಕ್ತಿಯೂ ಇಲ್ಲ. ಅರ್ಧ ಒಡೆದು, ಅರ್ಧ ಹಾಗೇ ಹಾರಿಹೋಗುತ್ತದೆ.

ಸರಿಯಾಗಿ ನಾಶ ಮಾಡುವ ಕಡೆ ನಾಲ್ಕು ವಿಷಯ ಬೇಕು. ಶಾಖ ಜಾಸ್ತಿ ಇರಬೇಕು. ಗ್ಯಾಸ್ ಆ ಶಾಖದಲ್ಲಿ ಸಾಕಷ್ಟು ಹೊತ್ತು ಇರಬೇಕು. ಹೊರಬಂದದ್ದನ್ನು ತಕ್ಷಣ ತಣಿಸಬೇಕು, ಇಲ್ಲದಿದ್ದರೆ ಇಳಿಯುವ ಶಾಖದಲ್ಲಿ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಕೊನೆಗೆ ಆಮ್ಲವನ್ನು ಕ್ಷಾರದಿಂದ ತೊಳೆಯಬೇಕು. ಮಾಂಟ್ರಿಯಲ್ ಒಪ್ಪಂದದ ದೇಶಗಳು ಒಪ್ಪಿದ ವಿಧಾನಗಳ ಪಟ್ಟಿಯೇ ಇದೆ. ಶುದ್ಧ ಗ್ಯಾಸ್ ಆದರೆ 99.99 ಶೇಕಡಾ ನಾಶವಾಗಲೇಬೇಕು. ಹತ್ತು ಕಿಲೋ ಹಾಕಿದರೆ ತಪ್ಪಿಸಿಕೊಳ್ಳುವುದು ಒಂದು ಗ್ರಾಂ ಮೀರಬಾರದು.

ಆಸ್ಟ್ರೇಲಿಯಾದವರು ಇದಕ್ಕೆ ಪ್ಲಾಸ್ಮಾ ವಿಧಾನ ಬೆಳೆಸಿದರು. ಆರ್ಗಾನ್ ಅನಿಲದಲ್ಲಿ ವಿದ್ಯುತ್ ಕಿಡಿ ಹಾಯಿಸಿ ಹತ್ತು ಸಾವಿರ ಡಿಗ್ರಿಗಿಂತ ಜಾಸ್ತಿ ಶಾಖ ಎಬ್ಬಿಸುತ್ತಾರೆ. ಅದರ ಬಾಯಿಗೆ ಗ್ಯಾಸ್ ಬಿಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಅಣು ಚೂರುಚೂರು. ಜಪಾನ್, ಇಂಡೋನೇಷ್ಯಾಗಳಲ್ಲಿ ಸಿಮೆಂಟ್ ಗೂಡಿಗೇ ಹಾಕಿದ್ದಾರೆ. ಇದು ನನಗೆ ತುಂಬಾ ಇಷ್ಟವಾದ ದಾರಿ. ಸೇಡಂ, ವಾಡಿ ಕಡೆ ಹೋದವರು ಆ ಉದ್ದದ, ನಿಧಾನಕ್ಕೆ ಸುತ್ತುವ ಕೊಳವೆಗೂಡನ್ನು ನೋಡಿರುತ್ತಾರೆ. ಒಳಗೆ ಸುಣ್ಣಕಲ್ಲು 1,450 ಡಿಗ್ರಿಯಲ್ಲಿ ಬೇಯುತ್ತಿರುತ್ತದೆ, ಜ್ವಾಲೆಯ ಶಾಖ ಇನ್ನೂ ಜಾಸ್ತಿ. ಸುಣ್ಣ ತಾನಾಗಿಯೇ ಆಮ್ಲ ಹೀರಿಕೊಳ್ಳುತ್ತದೆ. ಬೇರೆ ಕುಲುಮೆ ಕಟ್ಟಬೇಕಿಲ್ಲ. ಕ್ಲೋರಿನ್ ಮಿತಿ ಮೀರಿದರೆ ಸಿಮೆಂಟ್ ಕೆಡುತ್ತದೆ, ಗೂಡೊಳಗೆ ಗಾರೆ ಕಟ್ಟುತ್ತದೆ. ಹಾಗಾಗಿ ಅಳೆದು ಅಳೆದು ಬಿಡಬೇಕು, ಹೊಗೆಯನ್ನು ಪರೀಕ್ಷಿಸುತ್ತಲೇ ಇರಬೇಕು. ಫ್ಲೋರಿನ್ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಫ್ಲೋರೈಡ್ ಆಗುತ್ತದೆ. ಗಣಿಯಿಂದ ಫ್ಲೋರೈಟ್ ಅಂತ ತೆಗೆಯುವ ಕಲ್ಲೂ ಅದೇ. ಈ ಗ್ಯಾಸ್ ಮಾಡುವುದಕ್ಕೆ ಮೊದಲು ಫ್ಲೋರಿನ್ ತೆಗೆದದ್ದೂ ಆ ಕಲ್ಲಿನಿಂದಲೇ. ಕಲ್ಲಿನಿಂದ ಬಂದದ್ದು ಮತ್ತೆ ಕಲ್ಲಾಗುತ್ತದೆ.

ಇನ್ನು ದುಡ್ಡಿನ ಮಾತು. ನೀವು ಕೇಳಿದ್ದು ನಿಜ. ಅಮೆರಿಕದಲ್ಲಿ ಈ ಗ್ಯಾಸ್ ನಾಶ ಮಾಡಿದ್ದಕ್ಕೆ ಕಾರ್ಬನ್ ಕ್ರೆಡಿಟ್, ಅಂದರೆ ಇಷ್ಟು ಟನ್ ತಪ್ಪಿಸಿದರು ಅನ್ನುವ, ಮಾರಬಹುದಾದ ಪ್ರಮಾಣಪತ್ರ ಕೊಡುವ ಪದ್ಧತಿ ಇದೆ. ಕ್ಯಾಲಿಫೋರ್ನಿಯಾ ರಾಜ್ಯ 2011ರಲ್ಲೇ ಅದಕ್ಕೆ ನಿಯಮ ಮಾಡಿತು. ಆದರೆ ಆ ನಿಯಮ ಅಮೆರಿಕದೊಳಗೇ ಸಿಕ್ಕ ಗ್ಯಾಸಿಗೆ ಮಾತ್ರ. ನಮ್ಮಂಥ ದೇಶಗಳ ಗ್ಯಾಸಿಗೂ, ಕಂಪನಿಗಳು ಕಾನೂನಿನ ಒತ್ತಾಯವಿಲ್ಲದೆ ಕ್ರೆಡಿಟ್ ಕೊಳ್ಳುವ ಸ್ವಯಂಪ್ರೇರಿತ ಮಾರುಕಟ್ಟೆಯಲ್ಲಿ ಬೇರೆ ಪದ್ಧತಿಗಳಿವೆ. ಅಲ್ಲಿ ಪ್ರತಿ ಸಿಲಿಂಡರಿನ ಮೂಲದ ದಾಖಲೆ, ತೂಕದ ಚೀಟಿ, ಲ್ಯಾಬ್ ಪರೀಕ್ಷೆ, ಸಾಗಣೆಯ ಅನುಮತಿ, ಮೂರನೆಯವರ ತಪಾಸಣೆ ಎಲ್ಲ ಬೇಕು. ಟನ್‌ಗಟ್ಟಲೆ ಒಟ್ಟುಗೂಡಿದರೆ ಮಾತ್ರ ಖರ್ಚು ಗಿಟ್ಟುತ್ತದೆ. ನಾಲ್ಕು ಸಿಲಿಂಡರಿನಿಂದ ನಿಮಗೆ ಹಣ ಬರುತ್ತದೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. ಯಾರಾದರೂ ಫೋನ್ ಮಾಡಿ 'ಕ್ರೆಡಿಟ್ ಕೊಡಿಸ್ತೀವಿ, ಮೊದಲು ರಿಜಿಸ್ಟ್ರೇಷನ್ ಫೀಸ್ ಕಟ್ಟಿ' ಅಂದರೆ ಕಟ್ಟಬೇಡಿ.

ಕ್ರೆಡಿಟ್ ಪದ್ಧತಿ ದಾರಿ ತಪ್ಪಿದ್ದನ್ನೂ ನಾವು ನೋಡಿದ್ದೇವೆ. ಎಸಿಗಳಿಗೆ ಹಾಕುವ ಆರ್-22 ಗ್ಯಾಸ್ ತಯಾರಿಸುವಾಗ ಎಚ್‌ಎಫ್‌ಸಿ-23 ಅಂತ ಇನ್ನೊಂದು ಅನಿಲ ತಾನಾಗಿ ಹುಟ್ಟುತ್ತದೆ. ಅದು ಆರ್-12ಗಿಂತಲೂ ಜಾಸ್ತಿ ಶಾಖ ಹಿಡಿಯುತ್ತದೆ. ಕ್ಯೋಟೋ ಒಪ್ಪಂದದಡಿ ಅದನ್ನು ಸುಟ್ಟರೆ ಕ್ರೆಡಿಟ್ ಕೊಟ್ಟರು. ಭಾರತ, ಚೀನಾದ ಕಾರ್ಖಾನೆಗಳು ಪಡೆದವು. ಸುಡುವ ಖರ್ಚು ತೀರಾ ಕಮ್ಮಿ, ಕ್ರೆಡಿಟ್ಟಿನ ಬೆಲೆ ಅದರ ಎಷ್ಟೋ ಪಟ್ಟು. ಕೊನೆಗೆ ಸುಡುವುದಕ್ಕಾಗಿಯೇ ಜಾಸ್ತಿ ತಯಾರಿಸುವ ಆಸೆ ಹುಟ್ಟುತ್ತದೆ ಅನ್ನುವ ದೂರು ಬಂತು. ಐರೋಪ್ಯ ಒಕ್ಕೂಟ 2013ರ ಮೇ ತಿಂಗಳಿಂದ ಆ ಕ್ರೆಡಿಟ್ ಒಪ್ಪುವುದನ್ನೇ ನಿಲ್ಲಿಸಿತು. 2016ರ ಅಕ್ಟೋಬರಿನಲ್ಲಿ ನಮ್ಮ ಸರ್ಕಾರ, ಕ್ರೆಡಿಟ್ ಇರಲಿ ಬಿಡಲಿ, ಕಾರ್ಖಾನೆಯವರು ತಮ್ಮ ಖರ್ಚಿನಲ್ಲೇ ಸುಡಬೇಕು ಅಂತ ಆದೇಶ ಮಾಡಿತು. ಸರಿಯಾದ ಕೆಲಸ. ಮಾಡಲೇಬೇಕಾದ್ದಕ್ಕೆ ಬಹುಮಾನ ಕೊಟ್ಟರೆ ಹಾಗಾಗುತ್ತದೆ.

ಆರ್-12ರ ವಿಷಯ ಬೇರೆ. ಅದನ್ನು ಈಗ ಕಾನೂನಾಗಿ ಯಾರೂ ತಯಾರಿಸುವಂತಿಲ್ಲ. ಸುಡುವುದಕ್ಕಾಗಿ ತಯಾರಿಸುವ ಅಪಾಯ ಕಮ್ಮಿ. ಪೂರ್ತಿ ಇಲ್ಲ ಅನ್ನಲಾರೆ. 2018ರಲ್ಲಿ ವಿಜ್ಞಾನಿಗಳು ಗಾಳಿ ಅಳೆದು ಆರ್-12ರ ಜಾತಿಯದೇ ಆದ ಸಿಎಫ್‌ಸಿ-11 ಎಲ್ಲೋ ಕಳ್ಳತನದಲ್ಲಿ ತಯಾರಾಗುತ್ತಿದೆ ಅಂತ ಕಂಡುಹಿಡಿದರು. ಮುಂದಿನ ವರ್ಷ ಅದರ ಬಹುಪಾಲಿನ ಜಾಡು ಪೂರ್ವ ಚೀನಾಕ್ಕೆ ಹೋಗಿ ನಿಂತಿತು. ಆಮೇಲೆ ಇಳಿಯಿತು. ಹಾಗಾಗಿ ಸಿಲಿಂಡರಿನ ಮೂಲದ ದಾಖಲೆ ಕೇಳುವುದು ಸುಮ್ನೆ ಕಾಗದದ ಕಾಟ ಅಲ್ಲ.

ಇಲ್ಲಿ ನಮ್ಮ ವೃತ್ತಿಯವರಲ್ಲೇ ಒಂದು ವಾದ ಇದೆ. 'ಒಳ್ಳೇ ಗ್ಯಾಸ್ ಯಾಕೆ ಸುಡಬೇಕು? ಶುದ್ಧ ಮಾಡಿ ಮತ್ತೆ ಬಳಸಬಹುದಲ್ಲ?' ನನ್ನ ಉತ್ತರ ಗ್ಯಾಸ್ ಯಾವುದು ಅನ್ನುವುದರ ಮೇಲೆ ನಿಲ್ಲುತ್ತದೆ. ನಿಮ್ಮ ತಿಳಿ ಹಸಿರು ಸಿಲಿಂಡರ್ ಬಹುಶಃ ಆರ್-22. ಅದು ನಮ್ಮ ದೇಶದಲ್ಲಿ ಇನ್ನೂ ತಯಾರಾಗುತ್ತಿದೆ. ಹಳೇ ಎಸಿಗಳ ಸರ್ವಿಸಿಗೆ ಇನ್ನೂ ಬೇಕಾಗುತ್ತದೆ. ಹಾಗಿರುವಾಗ ಹಳೆಯ ಒಂದು ಕಿಲೋ ಶುದ್ಧ ಮಾಡಿ ಬಳಸಿದರೆ ಹೊಸ ಒಂದು ಕಿಲೋ ತಯಾರಿಸುವುದು ತಪ್ಪುತ್ತದೆ. ಅದರ ಜೊತೆ ಹುಟ್ಟುವ ಎಚ್‌ಎಫ್‌ಸಿ-23 ಕೂಡ ತಪ್ಪುತ್ತದೆ. ಶುದ್ಧವಿದ್ದರೆ ಆರ್-22 ಮರುಬಳಕೆ ಆಗಲಿ. ಆರ್-12ಗೆ ಈ ಮಾತು ಹೊಂದುವುದಿಲ್ಲ. ಹೊಸದರ ತಯಾರಿಕೆ ನಿಂತುಹೋಗಿದೆ, ಹಾಗಾಗಿ ಹಳೆಯದನ್ನು ಬಳಸಿದರೆ ಯಾವ ತಯಾರಿಕೆಯೂ ತಪ್ಪುವುದಿಲ್ಲ. ಸೋರುವ ಹಳೇ ಯಂತ್ರವೊಂದಕ್ಕೆ ಇನ್ನೊಂದು ಸಲ ಟಾಪ್ ಅಪ್ ಆಗುತ್ತದೆ, ಅಷ್ಟೇ. ಎರಡು ವರ್ಷದಲ್ಲಿ ಅದೂ ಗಾಳಿಗೆ. ಆರ್-12 ಸಿಕ್ಕರೆ ನಾಶವೇ ಸರಿ ಅಂತ ನಾನು ಖಚಿತವಾಗಿ ಹೇಳುತ್ತೇನೆ.

ಇಡೀ ಕೆಲಸದಲ್ಲಿ ಕಷ್ಟದ ಭಾಗ ಸುಡುವುದಲ್ಲ, ಕೂಡಿಸುವುದು. ನಮ್ಮ ದೇಶದಲ್ಲಿ ಎಚ್‌ಎಫ್‌ಸಿ-23 ಸುಡುವ ಕುಲುಮೆಗಳಿವೆ, ಸಿಮೆಂಟ್ ಗೂಡುಗಳಿವೆ. ಇಲ್ಲದಿರುವುದು ದಾವಣಗೆರೆಯ ಹಿಂದಿನ ಕೋಣೆಯಿಂದ ಆ ಕುಲುಮೆಯವರೆಗಿನ ದಾರಿ. ಆಸ್ಟ್ರೇಲಿಯಾದವರು ಆ ದಾರಿಯನ್ನು ಬೇಗ ಕಟ್ಟಿಕೊಂಡರು. ಆಮದಾಗುವ ಪ್ರತಿ ಕಿಲೋ ಗ್ಯಾಸಿನ ಮೇಲೆ ಉದ್ಯಮವೇ ಒಂದಿಷ್ಟು ಹಣ ಎತ್ತಿಡುತ್ತದೆ. ಮೆಕ್ಯಾನಿಕ್ ಹಳೇ ಗ್ಯಾಸನ್ನು ಹಿಡಿದು ತಂದು, ಹೊಸ ಗ್ಯಾಸ್ ಕೊಂಡ ಅಂಗಡಿಗೇ ಒಪ್ಪಿಸಿದರೆ ಅವನಿಗೆ ಕಿಲೋ ಲೆಕ್ಕದಲ್ಲಿ ಹಣ ಸಿಗುತ್ತದೆ. ಜಪಾನ್ 2001ರಲ್ಲಿ ಕಾನೂನೇ ಮಾಡಿತು. ಅಮೆರಿಕದಲ್ಲಿ 1992ರ ಜುಲೈನಿಂದ ಗೊತ್ತಿದ್ದೂ ಗಾಳಿಗೆ ಬಿಡುವುದು ಅಪರಾಧ. ನಮ್ಮ ಹುಡುಗರನ್ನು ನೋಡಿ. ಬೆನ್ನಿಗೆ ಬ್ಯಾಗು, ಬೈಕಿನ ಹಿಂದೆ ಒಂದು ಸಿಲಿಂಡರ್, ಮೂರನೇ ಮಹಡಿಯ ಸಜ್ಜಾದ ಮೇಲೆ ಕೂತು ಎಸಿ ಬಿಚ್ಚುತ್ತಾರೆ. ರಿಕವರಿ ಮಷಿನ್ ಹೊತ್ತುಕೊಂಡು ಹೋಗಿ, ಅರ್ಧ ಗಂಟೆ ಕಾದು ಗ್ಯಾಸ್ ಹಿಡಿದರೆ ಆ ಅರ್ಧ ಗಂಟೆಗೆ ಗಿರಾಕಿ ದುಡ್ಡು ಕೊಡುವುದಿಲ್ಲ. ಹಿಡಿದ ಗ್ಯಾಸನ್ನು ಕೊಳ್ಳುವವರೂ ಇಲ್ಲ. ಅವರಿಗೆ ಬರೀ ಬುದ್ಧಿ ಹೇಳಿದರೆ ಪ್ರಯೋಜನವಿಲ್ಲ. ತರಬೇತಿ ಕೊಡುವ ಮಾತು 2019ರ ಭಾರತದ ಕೂಲಿಂಗ್ ಆಕ್ಷನ್ ಪ್ಲಾನ್‌ನಲ್ಲಿ ಇದೆ, ಒಳ್ಳೆಯದೇ. ಆದರೆ ತಂದ ಪ್ರತಿ ಕಿಲೋಗೂ ಕೈಗೆ ಹಣ ಸಿಗುವ ಏರ್ಪಾಡು ಆಗಬೇಕು. ಇದನ್ನು ನಾನು ಸಿಕ್ಕ ಸಭೆಯಲ್ಲೆಲ್ಲ ಹೇಳುತ್ತಲೇ ಇದ್ದೇನೆ.

ಈಗ ನಿಮ್ಮ ನಾಲ್ಕು ಸಿಲಿಂಡರ್.

ಅವುಗಳನ್ನು ನೆರಳಲ್ಲಿ, ಗಾಳಿ ಆಡುವ ಕಡೆ, ನೆಟ್ಟಗೆ ನಿಲ್ಲಿಸಿ ಹಗ್ಗದಿಂದ ಕಟ್ಟಿ. ಸಂಪು, ನೆಲಮಾಳಿಗೆ, ಕಿಟಕಿಯಿಲ್ಲದ ಕೋಣೆ ಬೇಡ. ಈ ಗ್ಯಾಸ್ ಗಾಳಿಗಿಂತ ನಾಲ್ಕು ಪಟ್ಟು ಭಾರ. ಸೋರಿದರೆ ತಗ್ಗಿನಲ್ಲಿ ನಿಂತು ಅಲ್ಲಿನ ಗಾಳಿಯನ್ನು ಹೊರದಬ್ಬುತ್ತದೆ, ವಾಸನೆಯಿಲ್ಲದೆ ಉಸಿರು ಕಟ್ಟಿಸುತ್ತದೆ. ಗ್ಯಾಸ್ ಕಟರ್ ಹಾಕಲು ಯಾರಿಗೂ ಬಿಡಬೇಡಿ. ದ್ರವ ಕೈಗೆ ಸಿಡಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಆರ್-12 ಕುದಿಯುವುದೇ ಸೊನ್ನೆಗಿಂತ 30 ಡಿಗ್ರಿ ಕೆಳಗೆ.

ಬಣ್ಣ ನೋಡಿ ಇದು ಇಂಥದ್ದೇ ಅಂತ ತೀರ್ಮಾನ ಮಾಡಬೇಡಿ. ಬಿಳಿ ಅಂದರೆ ಆರ್-12, ತಿಳಿ ಹಸಿರು ಅಂದರೆ ಆರ್-22, ಆಕಾಶನೀಲಿ ಅಂದರೆ ಆರ್-12ರ ಬದಲಿಗೆ ಬಂದ ಆರ್-134ಎ ಅನ್ನುವ ರೂಢಿ ಇತ್ತು ನಿಜ. ಆದರೆ ಖಾಲಿ ಸಿಲಿಂಡರಿಗೆ ಬೇರೆ ಗ್ಯಾಸ್ ತುಂಬಿಕೊಳ್ಳುವುದೂ ನಮ್ಮಲ್ಲಿ ರೂಢಿಯೇ. ಒತ್ತಡ ಅಳೆದರೆ ಸ್ವಲ್ಪ ಸುಳಿವು ಸಿಗುತ್ತದೆ. 30 ಡಿಗ್ರಿ ಬಿಸಿಯಲ್ಲಿ ಆರ್-22 ಸುಮಾರು 158 ಪಿಎಸ್‌ಐ ತೋರಿಸಿದರೆ ಆರ್-12 ತೋರಿಸುವುದು 93. ಆದರೆ ಆರ್-134ಎ ಕೂಡ 97ರ ಹತ್ತಿರವೇ ತೋರಿಸುತ್ತದೆ. ಗೇಜ್ ನಂಬಿ ಆರ್-12 ಅಂದುಕೊಂಡು ಮೋಸ ಹೋದವರಿದ್ದಾರೆ. ಗ್ಯಾಸ್ ಗುರುತಿಸುವ ಮಷಿನ್ ಇಲ್ಲವೇ ಲ್ಯಾಬ್ ಪರೀಕ್ಷೆಯೇ ಖಚಿತ. ಅದನ್ನು ತೆಗೆದುಕೊಳ್ಳುವವರು ಮಾಡಿಸಲಿ, ನೀವು ಗೇಜ್ ಹಾಕಲು ಹೋಗಬೇಡಿ. ಎರಡು ಸಿಲಿಂಡರಿನದ್ದನ್ನು ಒಂದಕ್ಕೆ ಸೇರಿಸುವುದಂತೂ ಬೇಡವೇ ಬೇಡ. ಬೆರೆತ ಗ್ಯಾಸನ್ನು ಬೇರೆ ಮಾಡುವುದು ತುಂಬಾ ಕಷ್ಟ, ಬಳಸಬಹುದಾಗಿದ್ದ ಆರ್-22 ಕೂಡ ಕೆಡುತ್ತದೆ.

ನೀವು ಮಾಡಬಹುದಾದದ್ದು ತೂಕ. ಸಿಲಿಂಡರಿನ ಕುತ್ತಿಗೆ ಪಟ್ಟಿಯಲ್ಲಿ ಖಾಲಿ ತೂಕ ಕೊರೆದಿರುತ್ತಾರೆ. ತುಕ್ಕು ಹಿಡಿದಿದ್ದರೆ ಬಟ್ಟೆಯಿಂದ ಉಜ್ಜಿ ನೋಡಿ. ಅಕ್ಕಿ ಅಂಗಡಿಯ ತೂಕದ ಮಷಿನ್ ಸಾಕು. ಒಟ್ಟು ತೂಕದಿಂದ ಖಾಲಿ ತೂಕ ಕಳೆದರೆ ಗ್ಯಾಸಿನ ತೂಕ ಬಂತು. ಪ್ರತಿ ಸಿಲಿಂಡರಿಗೂ ಒಂದು ಚೀಟಿ ಅಂಟಿಸಿ: ತೂಕ, ತಾರೀಕು, ಮೇಲೆ ಬರೆದಿರುವ ಹೆಸರು, ಎಲ್ಲಿ ಸಿಕ್ಕಿತು. ಫೋಟೋ ತೆಗೆದಿಡಿ. ತಂದೆಯವರ ಹಳೇ ಬಿಲ್ಲುಗಳಲ್ಲಿ ಈ ಗ್ಯಾಸ್ ಕೊಂಡದ್ದು ಸಿಕ್ಕರೆ ಜೊತೆಗಿಡಿ. ತಿಂಗಳು ಬಿಟ್ಟು ಮತ್ತೆ ತೂಗಿ. ಯಾವುದಾದರೂ ಕಮ್ಮಿಯಾಗಿದ್ದರೆ ಅದು ಸೋರುತ್ತಿದೆ, ಅದಕ್ಕೆ ಮೊದಲು ವ್ಯವಸ್ಥೆ ಆಗಬೇಕು.

ಆಮೇಲೆ ಪತ್ರ ಬರೆಯಿರಿ. ಕೇಂದ್ರ ಪರಿಸರ ಸಚಿವಾಲಯದಲ್ಲಿ ಓಝೋನ್ ಸೆಲ್ ಅಂತ ಇದಕ್ಕೇ ಇರುವ ವಿಭಾಗ ಇದೆ. ಅವರಿಗೊಂದು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ದಾವಣಗೆರೆ ಕಚೇರಿಗೊಂದು. ತೂಕದ ಪಟ್ಟಿ, ಫೋಟೋ ಜೊತೆಗಿರಲಿ. ಊರಿನ ಫ್ರಿಜ್, ಎಸಿ ಮೆಕ್ಯಾನಿಕ್‌ಗಳನ್ನೂ ಕೇಳಿ ನೋಡಿ. ನಿಮ್ಮ ತಂದೆಯವರ ಸ್ನೇಹಿತರ ಅಂಗಡಿಗಳಲ್ಲೂ ಇಂಥವು ಮೂಲೆಯಲ್ಲಿ ಕೂತಿರುತ್ತವೆ. ಒಬ್ಬರ ನಾಲ್ಕು ಸಿಲಿಂಡರಿಗೆ ಯಾರೂ ಲಾರಿ ಕಳಿಸುವುದಿಲ್ಲ, ಹತ್ತು ಅಂಗಡಿಯ ನಲವತ್ತು ಸಿಲಿಂಡರ್ ಆದರೆ ಮಾತು ಬೇರೆ. ಉತ್ತರ ಬರುವುದು ತಡವಾಗಬಹುದು. ಸಿಲಿಂಡರ್ ಗಟ್ಟಿಯಿದ್ದು ನೆರಳಲ್ಲಿದ್ದರೆ ಕಾಯಬಹುದು.

ಕೊನೆಗೆ ಫ್ರಿಜ್. ಪೈಪಿನಲ್ಲಿರುವ 150 ಗ್ರಾಂ ಬಗ್ಗೆ ಹೇಳಿದೆ. ಆ ಕಾಲದ ಫ್ರಿಜ್‌ಗಳಲ್ಲಿ ಅದಕ್ಕಿಂತ ಜಾಸ್ತಿ ಗ್ಯಾಸ್ ಇರುವುದು ಗೋಡೆಯಲ್ಲಿ. ಹೊರಗಿನ ತಗಡಿಗೂ ಒಳಗಿನ ಪ್ಲಾಸ್ಟಿಕ್ಕಿಗೂ ಮಧ್ಯೆ ಹಳದಿ ಫೋಮ್ ಇರುತ್ತದಲ್ಲ, ಅದನ್ನು ಉಬ್ಬಿಸಿದ್ದು ಸಿಎಫ್‌ಸಿ-11ರಿಂದ. ಫೋಮಿನ ಒಂದೊಂದು ಸಣ್ಣ ಗುಳ್ಳೆಯೊಳಗೂ ಅದು ಕೂತಿದೆ. ಮುರಿದಷ್ಟೂ, ಪುಡಿ ಮಾಡಿದಷ್ಟೂ ಹೊರಬರುತ್ತದೆ. ಜರ್ಮನಿಯಂಥ ಕಡೆ ಮೊದಲು ಪೈಪಿನ ಗ್ಯಾಸ್, ಎಣ್ಣೆ ಎಳೆದುಕೊಂಡು, ಆಮೇಲೆ ಇಡೀ ಫ್ರಿಜ್ಜನ್ನು ಮುಚ್ಚಿದ ಕೋಣೆಯಲ್ಲಿ ಪುಡಿ ಮಾಡಿ ಫೋಮಿನ ಗ್ಯಾಸನ್ನೂ ಹಿಡಿಯುತ್ತಾರೆ. ನಮ್ಮಲ್ಲಿ ಫ್ರಿಜ್ ಈಗ ಇ-ತ್ಯಾಜ್ಯದ ನಿಯಮಗಳ ಕೆಳಗೆ ಬರುತ್ತದೆ. ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯದವರಿಗೇ ಕೊಡಿ. ಕೊಡುವ ಮುಂಚೆ ಎರಡು ಪ್ರಶ್ನೆ ಕೇಳಿ: 'ಗ್ಯಾಸ್ ಯಾವುದರಲ್ಲಿ ಹಿಡಿಯುತ್ತೀರಿ? ಫೋಮ್ ಏನು ಮಾಡುತ್ತೀರಿ?' ರಿಕವರಿ ಮಷಿನ್ ತೋರಿಸಿದರೆ ಕೊಡಿ. ತೋರಿಸದಿದ್ದರೆ ಇನ್ನೊಬ್ಬರನ್ನು ಹುಡುಕಿ. ಸಾಗಿಸುವಾಗ ಹಿಂದಿನ ಕಪ್ಪು ಜಾಲರಿಯನ್ನು ಹಿಡಿದು ಎತ್ತಲು ಬಿಡಬೇಡಿ, ಪೈಪು ಮುರಿಯುವುದು ಅಲ್ಲೇ. ಬಾಗಿಲಿಗೆ ಹಗ್ಗ ಕಟ್ಟಿ, ಕೆಳಗಿನ ಅಂಚಿಗೆ ಕೈ ಕೊಟ್ಟು, ನಿಲ್ಲಿಸಿಕೊಂಡೇ ಸಾಗಿಸಲು ಹೇಳಿ.